ಆಸ್ಪತ್ರೆಯಲ್ಲಿಲ್ಲದ ಅಕ್ಕ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಹೆಂಗಸರ ಕೂದಲು ಕತ್ತರಿಸುವ ಪುಟ್ಟ ಅಂಗಡಿ ಅವಳದು. ಒಂದು ಕಾಲದಲ್ಲಿ ತಂಗಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಅಂಗಡಿ ತುಂಬ ಗಿರಾಕಿಗಳಿದ್ದಾಗ, ತಂಗಿ ಕೂದಲು ಕತ್ತರಿಸಿದ ತಲೆಯೊಂದನ್ನು ನೋಡಿ ಇವಳು, "ಇಲಿ ಕಡಿದ ಹಾಗಿದೆಯಲ್ಲೇ" ಎಂದುಬಿಟ್ಟಳು. ತಂಗಿ ಬಾಚಣಿಗೆ ಕೆಳಗಿಟ್ಟು ಹೋದವಳು ಈ ಕಡೆ ತಲೆ ಹಾಕಲಿಲ್ಲ. ಊರಿನ ಇನ್ನೊಂದು ತುದಿಯ ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದಾಳೆಂದು ಯಾರೋ ಹೇಳಿದರು. ಅವಳೇ ಮೊದಲು ಮಾತಾಡಲಿ ಎಂದು ಇವಳು, ಇವಳೇ ಮಾತಾಡಲಿ ಎಂದು ಅವಳು. ಫೋನಿನಲ್ಲಿ ನೆಂಟರದೊಂದು ಗ್ರೂಪ್ ಇತ್ತು. ಇಬ್ಬರೂ ಅದರಲ್ಲಿದ್ದರು, ಬಾಯಿಗೆ ಬೀಗ ಹಾಕಿಕೊಂಡು.

ಆವತ್ತು ಬೆಳಿಗ್ಗೆ ಬೇಸಿನ್ನಿನ ಮುಂದೆ ತಲೆ ಒಡ್ಡಿ ಕೂತವರು ನಿವೃತ್ತ ಟೀಚರ್. ಕತ್ತರಿಯಕ್ಕನ ಎರಡೂ ಕೈ ಶಾಂಪೂ ನೊರೆಯಲ್ಲಿ ಮುಳುಗಿದ್ದವು. ಫೋನು ಹೊಡೆದುಕೊಳ್ಳತೊಡಗಿತು. ಮೊಣಕೈಯಿಂದ ಒತ್ತಿ ಸ್ಪೀಕರ್ ಹಾಕಿದಳು.

"ಮೇಡಂ, ನಿಮ್ಮ ಪಾರ್ಸೆಲ್ ಬಂದಿದೆ. ಅಡ್ರೆಸ್ ಸಿಗ್ತಿಲ್ಲ. ಈಗೊಂದು ಮೆಸೇಜ್ ಬರುತ್ತೆ, ಅದರಲ್ಲಿರೋ ನಂಬರ್ ಹೇಳಿಬಿಡಿ, ತಂದುಕೊಡ್ತೀನಿ" ಎಂದಿತು ಒಂದು ನಯವಾದ ದನಿ.

ಅವಳು ನಿಜವಾಗಿಯೂ ಕೂದಲಿನ ಬಣ್ಣ ತರಿಸಿದ್ದಳು, ಅದರ ದಾರಿಯನ್ನೇ ಕಾಯುತ್ತಿದ್ದಳು. "ಟೀಚರ್, ಅದೇನು ಬಂದಿದೆ ಒಂಚೂರು ಓದಿ" ಎಂದಳು. ಟೀಚರ್ ತಲೆ ತೊಳೆಯಲೆಂದು ಕನ್ನಡಕ ತೆಗೆದಿಟ್ಟಿದ್ದರು. ಫೋನನ್ನು ಮೂಗಿನ ಹತ್ತಿರ ಹಿಡಿದು, ದಪ್ಪಗೆ ಕಂಡ ಆರು ಅಂಕಿಗಳನ್ನು ತರಗತಿಯಲ್ಲಿ ಮಗ್ಗಿ ಹೇಳಿಕೊಡುವವರಂತೆ ಸ್ಪಷ್ಟವಾಗಿ ಓದಿದರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿದ್ದ, ಇದನ್ನು ಯಾರಿಗೂ ಹೇಳಬೇಡಿ ಎಂಬ ಸಾಲು ಅವರ ಕಣ್ಣಿಗೆ ಬೀಳಲೇ ಇಲ್ಲ.

ಟೀಚರ ತಲೆ ಒರೆಸಿ ಮುಗಿಯುವ ಹೊತ್ತಿಗೆ ಅವಳ ಮೆಸೇಜುಗಳೆಲ್ಲ ಮಾಯವಾಗಿದ್ದವು. ಮೆಸೇಜಿನ ಆ್ಯಪ್ ತೆರೆದರೆ ಹೊಸಬರನ್ನು ಕೇಳುವಂತೆ, ನಿಮ್ಮ ನಂಬರ್ ಹಾಕಿ ಎನ್ನುತ್ತಿತ್ತು. ಹಾಕೋಣವೆಂದರೆ ಪುರುಸೊತ್ತೆಲ್ಲಿ? ಒಂದರ ಹಿಂದೊಂದು ಕರೆ ಶುರುವಾಯಿತು. ಅತ್ತೆಯ ಮಗಳು ಅಳುತ್ತಿದ್ದಳು. ತರಕಾರಿ ಅಂಗಡಿಯವಳು, "ಯಾವ ವಾರ್ಡು, ಹೇಳಿ ಅಕ್ಕಾ" ಎಂದಳು. ಯಾರೋ ಇವಳ ಹೆಸರಿನಲ್ಲಿ, ಇವಳ ಫೋಟೋ ಸಮೇತ, ಗ್ರೂಪುಗಳಲ್ಲಿದ್ದವರಿಗೆಲ್ಲ ಬರೆದಿದ್ದರು: ಅಪಘಾತವಾಗಿ ಆಸ್ಪತ್ರೆಯಲ್ಲಿದ್ದೇನೆ, ತಾವು ದಯವಿಟ್ಟು ಕೂಡಲೇ ಹಣ ಕಳುಹಿಸಿ.

"ಅಯ್ಯೋ, ನಾನು ಗುಂಡುಕಲ್ಲಿನ ಹಾಗಿದ್ದೀನಿ ಕಣ್ರೀ!" ಎಂದು ಹೇಳೀ ಹೇಳೀ ಅವಳ ಗಂಟಲು ಒಣಗಿತು.

ಟೀಚರ ಮುಖ ಬಿಳಿಚಿಕೊಂಡಿತ್ತು. "ನನ್ನ ಬಾಯಾರೆ ನಾನೇ ಓದಿದೆನಲ್ಲ..."

"ಓದಿ ಅಂದವಳು ನಾನು ತಾನೆ? ಸುಮ್ನಿರಿ ಟೀಚರ್. ಮೊದಲು ಏನು ಮಾಡೋದು ಅಂತ ನೋಡೋಣ."

ಪಕ್ಕದ ಅಂಗಡಿಯ ಮೊಬೈಲ್ ರಿಪೇರಿಯವನು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದ. "ಕೊರಿಯರ್ ಅಲ್ಲಕ್ಕ ಅದು. ನಿಮ್ಮ ಅಕೌಂಟನ್ನ ಅವನ ಫೋನಿಗೆ ಎಳ್ಕೊಳ್ಳೋಕೆ ಬೇಕಾದ ನಂಬರು. ಬೀಗದ ಕೈ ಕೊಟ್ಟ ಹಾಗೆ" ಎಂದ. ಅವಳ ನಂಬರನ್ನು ಮತ್ತೆ ಹಾಕಿಸಿದ. ಈ ಸಲ ಬಂದ ಆರು ಅಂಕಿಗಳನ್ನು ಅವಳು ಅವನಿಗೂ ತೋರಿಸದೆ, ಗೋಡೆಗೆ ಮುಖ ಮಾಡಿ ತಾನೇ ಒತ್ತಿದಳು. ಅವನು ನಕ್ಕುಬಿಟ್ಟ. "ಇಷ್ಟು ಹುಷಾರಿದ್ರೆ ಸಾಕು." ಕಳ್ಳ ಅವಸರದಲ್ಲಿದ್ದನೋ ಏನೋ, ಒಳಗಿನಿಂದ ಅಗುಳಿ ಹಾಕಿಕೊಂಡಿರಲಿಲ್ಲ. ಅಕೌಂಟ್ ಇವಳ ಕೈಗೆ ಬಂತು, ಅವನು ಹೊರಬಿದ್ದ. ಇನ್ನೊಮ್ಮೆ ಯಾರೂ ನುಗ್ಗದಂತೆ ರಿಪೇರಿಯವನು ಅವಳಿಗೆ ಮಾತ್ರ ಗೊತ್ತಿರುವ ಪಿನ್ ಒಂದನ್ನೂ ಹಾಕಿಸಿದ.

ಮೇಲಿನ ಮಹಡಿಯ ದರ್ಜಿ ಮಾತ್ರ ಹಿಂದೆ ಮುಂದೆ ನೋಡದೆ ಹಣ ಕಳಿಸಿಬಿಟ್ಟಿದ್ದ. ಟೀಚರ್ ಅವನನ್ನು ಕೂರಿಸಿಕೊಂಡು ತಾವೇ ಬ್ಯಾಂಕಿಗೆ ಫೋನು ಮಾಡಿ, ಪೊಲೀಸರ ಸೈಬರ್ ದೂರಿನ ನಂಬರಿಗೂ ಮಾಡಿ, ಒಂದಕ್ಷರ ತಪ್ಪದಂತೆ ಎಲ್ಲ ಹೇಳಿದರು. ತಡಮಾಡದೆ ತಿಳಿಸಿದ್ದಕ್ಕೆ ಹಣ ಆಚೆ ಹೋಗದಂತೆ ತಡೆಹಿಡಿದಿದ್ದೇವೆ ಎಂದು ಉತ್ತರ ಬಂದಾಗ ಟೀಚರ ಮುಖಕ್ಕೆ ಬಣ್ಣ ಮರಳಿತು.

ಮಧ್ಯಾಹ್ನ ಅಂಗಡಿ ಖಾಲಿಯಾಗಿತ್ತು. ಕತ್ತರಿಯಕ್ಕ ನೆಲದ ಕೂದಲು ಗುಡಿಸುತ್ತಿದ್ದಳು. ಬಾಗಿಲು ಧಡಾರನೆ ತೆರೆದುಕೊಂಡಿತು. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ, ಏದುಸಿರು ಬಿಡುತ್ತ, ತಂಗಿ ನಿಂತಿದ್ದಳು.

ಇಬ್ಬರೂ ಒಬ್ಬರನ್ನೊಬ್ಬರು ಮೇಲಿಂದ ಕೆಳಗೆ ನೋಡಿದರು.

"ಬದುಕಿದ್ದೀಯಾ?" ಎಂದಳು ತಂಗಿ.

"ಇದ್ದೀನಿ."

"ಕೈಕಾಲು?"

"ಎಲ್ಲ ಇದ್ದಲ್ಲೇ ಇದೆ."

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ? ಎಷ್ಟು ಸಲ ಮಾಡಿದ್ರೂ ಬ್ಯುಸಿ! ದೊಡ್ಡಾಸ್ಪತ್ರೆಗೆ ಹೋದೆ, ಇಲ್ಲ ಅಂದ್ರು. ಸೇತುವೆ ಹತ್ತಿರದ ಆಸ್ಪತ್ರೆಗೆ ಹೋದೆ. ಅಲ್ಲಿ ಯಾರದೋ ಕಾಲಿಗೆ ಬ್ಯಾಂಡೇಜ್ ಸುತ್ತಿದ್ರು, ನಿನ್ನದೇ ಕಾಲು ಅಂದ್ಕೊಂಡು ಅಳ್ತಾ ನಿಂತೆ. ನೋಡಿದ್ರೆ ಗಂಡಸು!"

ಕತ್ತರಿಯಕ್ಕನಿಗೆ ನಗು ಒತ್ತರಿಸಿ ಬಂತು, ಜೊತೆಗೆ ಕಣ್ಣೂ ತುಂಬಿತು. ನಡೆದದ್ದನ್ನೆಲ್ಲ ಹೇಳಿದಳು. ತಂಗಿ ಕುರ್ಚಿಯಲ್ಲಿ ಕುಸಿದು ಕೂತಳು.

"ಅದಕ್ಕೇ ಮತ್ತೆ! ಹುಟ್ಟಿದಾಗಿನಿಂದ ನನ್ನ ಕೋತಿ ಅಂತ ಕರೆದೋಳು, ಇವತ್ತು ‘ತಾವು ದಯವಿಟ್ಟು’ ಅಂತ ಬರೆದಿದ್ದೀಯ. ಇಷ್ಟು ಮರ್ಯಾದೆ ಕೊಡ್ತಿದ್ದಾಳೆ ಅಂದ್ರೆ ಇವಳ ಕತೆ ಮುಗೀತು ಅಂತಲೇ ಅಂದ್ಕೊಂಡೆ."

"ಹಣ ಕಳಿಸಿಲ್ಲ ತಾನೆ?"

"ಹಣ ಯಾಕೆ ಕಳಿಸಲಿ? ನಾನೇ ಬರೋಣ ಅಂತ ಬಂದೆ."

ಕತ್ತರಿಯಕ್ಕ ಪೊರಕೆ ಗೋಡೆಗೆ ಒರಗಿಸಿದಳು. ಒಂದು ಲೋಟ ನೀರು ತಂದು ತಂಗಿಯ ಕೈಗಿಟ್ಟಳು. ಎಷ್ಟೋ ದಿನದಿಂದ ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿದ್ದ ಮಾತು, ಹುಡುಕದೆಯೇ ಹೊರಬಂತು.

"ಜನರ ಮುಂದೆ ಹಾಗೆ ಅನ್ನಬಾರದಿತ್ತು ಕಣೇ ನಾನು."

ತಂಗಿ ನೀರು ಕುಡಿದು ಬಾಯಿ ಒರೆಸಿಕೊಂಡಳು. "ಅನ್ನಬಾರದಿತ್ತು" ಎಂದು ಒಪ್ಪಿಕೊಂಡಳು. ಲೋಟ ಕೆಳಗಿಟ್ಟು, "ಆದ್ರೆ ಆ ಕೂದಲು ಕೆಟ್ಟದಾಗೇ ಕತ್ತರಿಸಿದ್ದೆ. ನನಗೆ ಆ ಕೆಲಸ ಯಾವತ್ತೂ ಹಿಡಿಸಲಿಲ್ಲ ಅಕ್ಕ. ನಿನ್ನ ಹತ್ರ ಹೇಳೋಕೆ ಹೆದರಿಕೆ. ನೀನು ಬೈದಿದ್ದೇ ನೆಪ ಆಯ್ತು" ಎಂದಳು.

"ಎರಡು ವರ್ಷ ನನ್ನ ಹೊಟ್ಟೆ ಉರಿಸಿ, ಈಗ ನೆಪ ಅಂತಾಳೆ ನೋಡು, ಕೋತಿ!"

"ಹಾಂ, ಈಗ ನೀನೇ ಅಂತ ನಂಬಿಕೆ ಬಂತು."

ಆ ದಿನವೇ ಅಕ್ಕ ತಂಗಿ ಒಂದು ಒಪ್ಪಂದ ಮಾಡಿಕೊಂಡರು. ಇನ್ನು ಮೇಲೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಎಂಥ ಕಷ್ಟದ ಸುದ್ದಿ ಬಂದರೂ, ಚಿಕ್ಕಂದಿನ ಒಂದು ಪ್ರಶ್ನೆ ಕೇಳುವುದು. ಅದಕ್ಕೆ ಉತ್ತರ ಅವರಿಬ್ಬರಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ನೆಂಟರ ಗ್ರೂಪಿನಲ್ಲಿ ತಂಗಿ ತಾನೇ ಬರೆದಳು: ಅಕ್ಕ ಚೆನ್ನಾಗಿದ್ದಾಳೆ, ನನ್ನ ಪಕ್ಕದಲ್ಲೇ ಇದ್ದಾಳೆ. ಮೆಸೇಜ್ ನೋಡಿದ ಅತ್ತೆಯ ಮಗಳು ತಕ್ಷಣ ಫೋನು ಮಾಡಿ, ಈ ಮೆಸೇಜಾದರೂ ನಿಜವೋ, ಇದೂ ಕಳ್ಳನದೋ ಎಂದು ಕೇಳಿದಳು. ಇಬ್ಬರೂ ಒಟ್ಟಿಗೆ ಕೂಗಿ ನಂಬಿಸಬೇಕಾಯಿತು.

ರಜೆಯ ದಿನ ಕತ್ತರಿಯಕ್ಕ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿ ಹಾಸ್ಟೆಲಿಗೆ ಹೋದಳು. ತಂಗಿಯ ಅಡುಗೆಮನೆಯನ್ನು ಅವಳು ನೋಡಿದ್ದು ಅದೇ ಮೊದಲು. ಎತ್ತರದ ಕಿಟಕಿಗಳು, ಮಗು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಪಾತ್ರೆಗಳು, ತಲೆಗೆ ಬಟ್ಟೆ ಕಟ್ಟಿಕೊಂಡು ಎಲ್ಲರನ್ನೂ ಗದರುತ್ತ, ನಗಿಸುತ್ತ ಓಡಾಡುತ್ತಿದ್ದ ತಂಗಿ. ಅಂಗಡಿಯಲ್ಲಿ ಯಾವಾಗಲೂ ಭುಜ ಕುಗ್ಗಿಸಿಕೊಂಡು ನಿಲ್ಲುತ್ತಿದ್ದವಳು ಇವಳೇನಾ ಎನಿಸಿತು.

"ಇವಳು ನಮ್ಮಕ್ಕ" ಎಂದು ತಂಗಿ ಒಲೆಯ ಮುಂದಿದ್ದವರಿಗೆ ಹೇಳಿದಳು. ಒಂದು ಸೌಟಿನಲ್ಲಿ ಸಾರು ತಂದು, ಊದಿ ಆರಿಸಿ, ಅಕ್ಕನ ಅಂಗೈಗೆ ಹಾಕಿದಳು.

"ಹೇಗಿದೆ?"

ಕತ್ತರಿಯಕ್ಕ ನೆಕ್ಕಿ, ಕಣ್ಣು ಮುಚ್ಚಿ, ಚಪ್ಪರಿಸಿದಳು. ಉಪ್ಪು ಒಂದು ಕಲ್ಲು ಹೆಚ್ಚಾಗಿತ್ತು. ಸುತ್ತಲೂ ನಿಂತವರನ್ನು ಒಮ್ಮೆ ನೋಡಿದಳು.

"ಬೊಂಬಾಟಾಗಿದೆ" ಎಂದಳು.