ಗುಬ್ಬಿ ಗೌರಜ್ಜಿಯ ಓಟಿಪಿ

ಗುಬ್ಬಿ ಗೌರಜ್ಜಿ ಎಂಬ ಮುದುಕಿ ಹುಟ್ಟಿದ್ದು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಬಾಡಿಗೆ ರೂಮಿನಲ್ಲಿ. ಹುಟ್ಟುವಾಗಲೇ ಅವಳಿಗೆ ಎಂಬತ್ತೆರಡು ವರ್ಷ. ಹೆತ್ತವನು ನಾಗಭೂಷಣ್. ಅನ್ನಕ್ಕೆ ಎಸರಿಡಲು ಬಾರದ ಈ ಮಹಾನುಭಾವ ಆನ್‌ಲೈನಿನಲ್ಲಿ ಅಜ್ಜಿಯಾಗಿ ಕೂತು, "ಮಕ್ಳಾ, ಊಟ ಆಯ್ತಾ?" ಎಂದು ಲೋಕವನ್ನೆಲ್ಲ ವಿಚಾರಿಸಿಕೊಳ್ಳುತ್ತಾ ಚಟ್ನಿಪುಡಿ ಮಾರುತ್ತಿದ್ದ. ಎಲ್ಲಿಂದಲೋ ಎತ್ತಿದ ಫೋಟೊದ ಅಜ್ಜಿಯ ಸೆರಗು ಉತ್ತರದ ಕಡೆಯವರಂತೆ ಬಲಗಡೆಗಿತ್ತು. ಎಲ್ಲಿಯ ಮುದುಕಿಯೋ ಪಾಪ, ತಾನು ಗುಬ್ಬಿಯವಳಾದದ್ದು ಅವಳಿಗೇ ಗೊತ್ತಿರಲಿಕ್ಕಿಲ್ಲ. ಅಜ್ಜಿಗೆ ಐದೈದು ಸ್ಟಾರ್ ಕೊಟ್ಟು 'ನಮ್ಮಮ್ಮನ ನೆನಪಾಯಿತು' ಎಂದು ಬರೆಯುವ ಇಂಪನಾ, ಸಿದ್ದಾರ್ಥ, ಊರ್ಡಿಗೆರೆಯ ಚಿಕ್ಕಬೋರಯ್ಯ, ಎಲ್ಲರೂ ಅವನೇ. ಒಬ್ಬ ಮನುಷ್ಯನಾಗಿ ಬಾಳಲು ಯೋಗ್ಯತೆಯಿಲ್ಲದವನು ಹತ್ತು ಮಂದಿಯಾಗಿದ್ದ.

ಪುಡಿ ಮಾತ್ರ ಸುಳ್ಳಲ್ಲ. ಅದನ್ನು ಮಾಡುತ್ತಿದ್ದವಳು ಗುಬ್ಬಿಯ ಪುಟ್ಟತಾಯಮ್ಮ. ಹುಚ್ಚೆಳ್ಳನ್ನು ಮೂರು ನೀರಿನಲ್ಲಿ ಜಾಲಿಸಿ ಕಲ್ಲು ತೆಗೆದು, ಒಣಗಿಸಿ, ಘಮ್ಮೆನ್ನುವಂತೆ ಹುರಿದು ಕುಟ್ಟುತ್ತಿದ್ದಳು. ಅವಳು ಕೇಳಿದ್ದು ಒಂದೇ, ಪ್ಯಾಕೆಟ್ ಮೇಲೆ ತನ್ನ ಹೆಸರು. "ಮುಂದಿನ ಪ್ರಿಂಟಿಗೆ ಹಾಕಿಸ್ತೀನಿ ಅಕ್ಕ" ಎನ್ನುತ್ತಲೇ ಅವನು ಮೂರು ಪ್ರಿಂಟು ದಾಟಿಸಿದ್ದ. ತನ್ನ ಸಿಮ್ಮುಗಳನ್ನೆಲ್ಲ ಚಿಕ್ಕಬೋರಯ್ಯ ಮುಂತಾದವರಿಗೆ ಹಂಚಿ ಮುಗಿಸಿದ್ದರಿಂದ ಗೌರಜ್ಜಿಯ ಖಾತೆಗೆ ಪುಟ್ಟತಾಯಮ್ಮನ ನಂಬರನ್ನೇ ಕೊಟ್ಟಿದ್ದ. ಲಾಗಿನ್ ಆಗಬೇಕಾದಾಗಲೆಲ್ಲ ಅವಳಿಗೆ ಫೋನ್ ಮಾಡಿ ಓಟಿಪಿ ಕೇಳುತ್ತಿದ್ದ. ಅವಳ ನಂಬರು ಬೇಕು, ಹೆಸರು ಬೇಡ!

ಒಂದು ಭಾನುವಾರ ಕುಣಿಗಲ್ಲಿನಿಂದ ಪುಟ್ಟತಾಯಮ್ಮನ ನಾದಿನಿ ಪ್ರಮೀಳಾ ಬಂದವಳು ಬ್ಯಾಗಿನಿಂದ ಅದೇ ಪ್ಯಾಕೆಟ್ ತೆಗೆದಳು.

"ಅತ್ತಿಗೆ, ಇದನ್ನ ತಿಂದ್ ನೋಡಿ. ನೀವೂ ಮಾಡ್ತೀರ, ಇಲ್ಲ ಅನ್ನಲ್ಲ. ಆದ್ರೆ ಹಳೇ ಕಾಲದೋರ ಕೈರುಚಿನೇ ಬೇರೆ."

"ಇದು ನಾನೇ ಮಾಡಿದ್ದು ಕಣೇ."

"ಸುಮ್ನಿರಿ ಅತ್ತಿಗೆ! ಅಜ್ಜಿ ಜೊತೆ ನಾನೇ ಚಾಟ್ ಮಾಡಿದೀನಿ."

ತನ್ನ ಕೈರುಚಿಯ ಮುಂದೆ ತಾನೇ ಸೋತ ಪುಟ್ಟತಾಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆ ವಾರ ನಾಗಭೂಷಣ್ ಪುಡಿ ಒಯ್ಯಲು ಬಂದಾಗ, ದೀಪಾವಳಿಗೆಂದು ಅವನು ಮಾಡಿಸಿದ್ದ ಹೊಸ ಪ್ಯಾಕೆಟ್ ಕೈಗೆತ್ತಿಕೊಂಡು ಹೆಸರು ಹುಡುಕಿದಳು. ಇರಲಿಲ್ಲ. ಬದಲಿಗೆ 'ಗೌರಜ್ಜಿಯ ಕರಿ ಎಳ್ಳಿನ ಪುಡಿ, ಹಬ್ಬದ ಉಡುಗೊರೆ' ಎಂದಿತ್ತು.

"ಏನಪ್ಪ ಇದು?"

"ಹುಚ್ಚೆಳ್ಳು ಅಂದ್ರೆ ಅದ್ರಲ್ಲಿ ಹುಚ್ಚು ಅಂತ ಇದೆ ಅಕ್ಕ, ಬ್ರ್ಯಾಂಡಿಗೆ ಆಗಿಬರಲ್ಲ. ಎರಡೂ ಕರ್ರಗೇ ಇರ್ತವಲ್ಲ."

"ಕರಿ ಎಳ್ಳು ತಿಥಿಗೆ ತರೋದು ಕಣಪ್ಪ. ಹಬ್ಬಕ್ಕೆ ಕೊಟ್ರೆ ಜನ ಉಗೀತಾರೆ. ಹೋಗ್ಲಿ, ನನ್ ಹೆಸ್ರೆಲ್ಲಿ?"

"ಅಯ್ಯೋ, ಪುಟ್ಟತಾಯಮ್ಮ ಅಂದ್ರೆ ಯಾರಕ್ಕ ತಗೋತಾರೆ?" ಎಂದು ನಕ್ಕ.

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ! ಹೆಣ್ಣಿನ ಹೆಸರು, ಕಾಳಿನ ಹೆಸರು ಎರಡನ್ನೂ ಕಿತ್ತುಕೊಂಡವನಿಗೆ ತಿಳಿಹೇಳುವುದು ದಂಡವೆಂದು ಪುಟ್ಟತಾಯಮ್ಮ ಪುಡಿ ಅಳೆದುಕೊಟ್ಟು ಕಳಿಸಿದಳು.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ನೀರಾದ ಮೇಲೆ ಅವಳ ಫೋನಿಗೆ ಓಟಿಪಿ ಬಂತು. ಹಿಂದೆಯೇ ನಾಗಭೂಷಣ್‌ನ ಕರೆ.

"ಅಕ್ಕಾ, ಬೇಗ ಓಟಿಪಿ ಹೇಳಿ. ಹಬ್ಬದ ದಿನ ಎಳ್ಳು ಕಳಿಸಿದೀಯ, ಯಾರನ್ನ ಸಾಯಿಸ್ಬೇಕು ಅಂತಿದೀಯ ಅಂತ ಎಲ್ರೂ ಅಜ್ಜೀನ ಬಯ್ತಾವ್ರೆ. ಅಜ್ಜಿ ಕೈಲಿ ಕ್ಷಮೆ ಕೇಳಿಸ್ಬೇಕು."

"ಅಜ್ಜಿ ಎಲ್ಲವ್ಳೆ? ಹೋದ್ಲಲ್ಲ."

"ಅಕ್ಕಾ, ತಮಾಷೆ ಬೇಡ. ಹತ್ತು ನಿಮಿಷಕ್ಕೆ ಎಕ್ಸ್‌ಪೈರ್ ಆಗೋಯ್ತದೆ!"

"ಆಗ್ಲಿ ಬುಡು. ಎಂಬತ್ತೆರಡು ವರ್ಷದ ಮುದುಕಿ, ಇನ್ನೆಷ್ಟು ದಿನ ಇರ್ತಾಳೆ? ಎಳ್ಳು ನೀನೇ ಪ್ರಿಂಟ್ ಹಾಕ್ಸಿದೀಯ. ನೀರು ನಾನು ಬುಡ್ತೀನಿ."

ಫೋನು ಕೆಳಗಿಟ್ಟು, ಒಂದು ಪ್ಯಾಕೆಟ್ಟಿಗೆ ಪುಡಿ ತುಂಬಿ, ಅದರ ಬೆನ್ನಿಗೆ ಪೆನ್ನಿನಲ್ಲಿ ದಪ್ಪಗೆ ಬರೆದಳು: ಹುಚ್ಚೆಳ್ಳು ಚಟ್ನಿಪುಡಿ, ಪುಟ್ಟತಾಯಮ್ಮ, ಗುಬ್ಬಿ. ಮೊದಲನೆಯದನ್ನು ಕುಣಿಗಲ್ಲಿಗೆ, ಪ್ರಮೀಳಾಳಿಗೆ ಕಳಿಸಿದಳು.