ಮಜ್ಜಿಗೆ ತಪ್ಪಲೆಯ ಹಸಿರು ಗೆರೆ

ಮಗಳು ಬಸುರಿಯಾಗಿ ತವರಿಗೆ ಬಂದಳೆಂದರೆ ತಾಯಿಗೆ ಹತ್ತು ಕೈ ಮೂಡುತ್ತವೆ. ಮತ್ತೋಡು ಪಕ್ಕದ ಹಟ್ಟಿಯ ಕೆಂಚಕ್ಕನಿಗಂತೂ ಹನ್ನೆರಡು ಮೂಡಿದ್ದವು. ಒಂದು ಕೈ ರಾಗಿ ಬೀಸುತ್ತಿತ್ತು, ಇನ್ನೊಂದು ಮಗಳ ತಲೆ ಬಾಚುತ್ತಿತ್ತು, ಮಿಕ್ಕ ಹತ್ತೂ ಮಗಳ ಬಾಯಿಗೆ ಏನಾದರೂ ತುರುಕುತ್ತಲೇ ಇದ್ದವು.

ಮಗಳು ಚಿತ್ತಮ್ಮನಿಗೆ ಆಗ ಏಳು ತಿಂಗಳು. ಇಷ್ಟೆಲ್ಲ ತಿಂದವಳು ಗುಂಡಗಾಗಬೇಕಿತ್ತು. ಆದರೆ ದಿನದಿನಕ್ಕೆ ಜೋಳದ ದಂಟಿನಂತೆ ಒಣಗುತ್ತಿದ್ದಳು. ಹೊಟ್ಟೆ ಹಿಂಡಿದಂತಾಗುತ್ತಿತ್ತು. ಬೆಳಗ್ಗೆ ಮಜ್ಜಿಗೆ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹಿತ್ತಲಿಗೆ ಓಡಿ ಕಕ್ಕುತ್ತಿದ್ದಳು.

"ಕಣ್ಣು ಬಿದ್ದೈತೆ," ಅಂದಳು ಕೆಂಚಕ್ಕ. ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆ ಘಾಟಿಗೆ ಮೂರು ಹಟ್ಟಿಯ ಕುರಿಗಳೆಲ್ಲ ಸೀನಿದವು. ಮಗಳ ವಾಂತಿ ಮಾತ್ರ ನಿಲ್ಲಲಿಲ್ಲ. ಒಳಗಿರುವ ಕೂಸಿನ ಗತಿ ಏನು ಎಂದು ಕೆಂಚಕ್ಕನ ಎದೆ ಹೊಡೆದುಕೊಂಡಿತು. ಎದೆ ಹೊಡೆದುಕೊಂಡಷ್ಟೂ ಇನ್ನೊಂದು ಲೋಟ ಮಜ್ಜಿಗೆ ಜಾಸ್ತಿ ಕೊಟ್ಟಳು.

ಆ ಮಜ್ಜಿಗೆ ಇರುತ್ತಿದ್ದದ್ದು ತಾಮ್ರದ ತಪ್ಪಲೆಯಲ್ಲಿ. ಅಳಿಯ ಜುಂಜಯ್ಯ ದುರ್ಗದ ಹತ್ತಿರ ತಾಮ್ರದ ಗಣಿಯಲ್ಲಿ ಕೆಲಸಕ್ಕಿದ್ದ. ಹಬ್ಬಕ್ಕೆ ಬರುವಾಗ ದುರ್ಗದ ಅಂಗಡಿಯಿಂದ ಅತ್ತೆಗೆಂದು ಆ ತಪ್ಪಲೆ ತಂದಿದ್ದ. ಹೊರಗೆಲ್ಲ ಕೆಂಪಗೆ, ಒಳಗೆ ಬೆಳ್ಳಗೆ. ಒಳಗಿನ ಬಿಳುಪು ಕೆಂಚಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಅಂಗಡಿಯವನು ಅದೇನೋ ಬಳಿದು ತಾಮ್ರ ಮುಚ್ಚಿದ್ದಾನೆ ಅಂದುಕೊಂಡಳು. ತನ್ನ ಅಳಿಯ ಗುಡ್ಡ ಅಗೆದು ತಂದ ತಾಮ್ರ ಊರಿಗೆಲ್ಲ ಕಾಣಬೇಡವೇ? ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ ಮೂರು ದಿನ ತಿಕ್ಕಿದಳು. ಒಳಗೂ ಮುಳುಗುವ ಸೂರ್ಯನಂತೆ ಕೆಂಪಾಯಿತು. ಮಗಳು ಬಂದ ಮೇಲೆ ಅವಳಿಗೆಂದು ರಾತ್ರಿ ತೆಗೆದಿಡುವ ಮಜ್ಜಿಗೆಯೆಲ್ಲ ಅದರಲ್ಲೇ.

ಒಂದು ಭಾನುವಾರ ಜುಂಜಯ್ಯ ಬಂದ. ಅವನು ಕೆಂಚಕ್ಕನ ಅಣ್ಣನ ಮಗನೇ, ಅವಳು ಎತ್ತಿ ಆಡಿಸಿದ ಹುಡುಗ. ಹೆಂಡತಿಯ ಗುಳಿಬಿದ್ದ ಕಣ್ಣು ನೋಡಿ, ಅವಳು ಏನು ಕುಡಿಯುತ್ತಿದ್ದಾಳೆಂದು ಅಡುಗೆಮನೆಗೆ ಹೋದ. ಆಮೇಲೆ ತಪ್ಪಲೆಯ ಕಡೆ ನೋಡಿದ. ಬಾಯಂಚಿನ ಕೆಳಗೆ, ಬೆರಳು ಸರಿಯಾಗಿ ಹೋಗದ ಕಡೆ, ಒಂದು ಹಸಿರು ಗೆರೆ.

"ಅತ್ತೆ, ಇದ್ರೊಳಗೆ ಕಲಾಯಿ ಇತ್ತಲ್ಲ, ಎಲ್ಲಿ ಹೋತು?"

"ಆ ಬಿಳೀದಾ? ಅದನ್ನ ತೆಗೆಯೋಕೆ ನನ್ ಹತ್ತು ಉಗುರೂ ಸವೆದೋದ್ವು ಕಣಪ್ಪ."

"ಮಜ್ಜಿಗೆ ಎಷ್ಟು ದಿನದಿಂದ ಇಡ್ತಿದೀಯ?"

"ಚಿತ್ತಿ ಬಂದಾಗಿಂದ. ಹದಿನೈದು ದಿನ ಆತು. ಯಾಕೋ, ನಿನ್ ತಪ್ಪಲೆ ನಾನೇನು ನುಂಗ್ತೀನಾ?"

ಜುಂಜಯ್ಯ ಮಜ್ಜಿಗೆಯನ್ನು ತೆಗೆದುಕೊಂಡು ಹೋಗಿ ತಿಪ್ಪೆಗೆ ಸುರಿದ. ಕೆಂಚಕ್ಕನಿಗೆ ತನ್ನ ನೆತ್ತರನ್ನೇ ಚೆಲ್ಲಿದಂತಾಯಿತು.

"ಬೈಬ್ಯಾಡ, ಕೇಳು," ಅಂದ ಅವನು. "ಕಲ್ಲಿಂದ ತಾಮ್ರ ಹೆಂಗೆ ಬರ್ತೈತೆ ಗೊತ್ತಾ?"

"ಕಲ್ಲು ಒಡೆದ್ರೆ ಗಟ್ಟಿ ಇರ್ತೈತೆ, ಕಾಯೊಳಗೆ ಕೊಬ್ಬರಿ ಇದ್ದಂಗೆ."

"ಹಂಗಿದ್ರೆ ನಾನು ಯಾವಾಗ್ಲೋ ಸಾವ್ಕಾರ ಆಗ್ತಿದ್ದೆ. ಕಲ್ಲನ್ನ ಮಿಷಿನ್‌ನಾಗೆ ರಾಗಿ ಹಿಟ್ಟಿನಂಗೆ ನುಣ್ಣಗೆ ಅರೀತಾರೆ. ನೀರು, ಒಂಚೂರು ಎಣ್ಣೆ ಥರದ ಮದ್ದು ಹಾಕಿ ಗಾಳಿ ಊದ್ತಾರೆ. ನೊರೆ ಏಳ್ತೈತೆ. ತಾಮ್ರ ಇರೋ ಪುಡಿ ನೊರೆ ಹಿಡ್ಕಂಡು ಮ್ಯಾಲೆ ಬರ್ತೈತೆ, ಬರೀ ಕಲ್ಲು ಅಡಿಗೆ ಕುಂತ್ಕಂತೈತೆ."

"ಬೆಣ್ಣೆ ಕಡೆದಂಗೆ."

"ಅದೇ. ಆ ಪುಡಿನ ದೂರದ ಕುಲುಮೆಗೆ ಕಳಿಸಿ ಕರಗಿಸಿದ್ರೆ ತಾಮ್ರ."

"ತುಪ್ಪ ಕಾಸಿದಂಗೆ. ಇಷ್ಟಕ್ಕೆ ನಿಂಗೆ ಸಂಬಳ ಬ್ಯಾರೆ ಕೊಡ್ತಾರಾ?"

ಜುಂಜಯ್ಯ ನಗಲಿಲ್ಲ. "ಗಣಿ ಒಳಗೆ ಒಂದೊಂದು ಕಡೆ ಗೋಡೆಯಿಂದ ನೀರು ಒಸರ್ತೈತೆ ಅತ್ತೆ. ಕಲ್ಲಿನ ಹುಳಿ ಸೇರಿದ ನೀರು. ಅದು ಹರಿದ ಕಡೆಯೆಲ್ಲ ಇಂಥದೇ ಹಸಿರು. ಮೊದಲ್ನೇ ದಿನಾನೇ ಮೇಸ್ತ್ರಿ ಹೇಳಿದ್ದ, ಬಾಯಾರಿ ಸಾಯ್ತಿದ್ರೂ ಅದನ್ನ ಮುಟ್ಟಬ್ಯಾಡ್ರಿ ಅಂತ. ಹುಳಿ ತಾಮ್ರನ ತಿಂತೈತೆ, ತಿಂದಿದ್ದು ನೀರಿಗೆ ಇಳೀತೈತೆ. ಮಜ್ಜಿಗೆನೂ ಹುಳಿನೇ ಅಲ್ವಾ?"

"ಏ ಹೋಗೋ. ನಮ್ಮಜ್ಜ ತಾಮ್ರದ ಚೊಂಬಲ್ಲೇ ಕುಡಿದು ನೂರಾ ನಲವತ್ತು ವರ್ಷ ಬದುಕಿದ್ದ."

"ಏನು ಕುಡೀತಿದ್ದ?"

ಕೆಂಚಕ್ಕ ಯೋಚಿಸಿದಳು. "ನೀರು."

"ತೊಳೆದ ಚೊಂಬಲ್ಲಿ ನೀರು ಕುಡೀಲಿ ಬಿಡು. ಮಜ್ಜಿಗೆ, ಹುಣಸೆಹಣ್ಣಿನ ಸಾರು, ನಿಂಬೆಹುಳಿ ಬ್ಯಾಡ. ಅದಕ್ಕೇ ಒಳಗೆ ಕಲಾಯಿ ಹಾಕೋದು. ಹುಳಿಗೂ ತಾಮ್ರಕ್ಕೂ ನಡುವೆ ಅದು ಗೋಡೆ. ನೀನು ಗೋಡೆನೇ ಕೆಡವಿದೆ."

ಕೆಂಚಕ್ಕ ಮಗಳ ಕಡೆ ತಿರುಗಿದಳು. "ಲೇ ಚಿತ್ತಿ, ನಿಂಗೆ ರುಚಿನಾದ್ರೂ ಗೊತ್ತಾಗ್ಲಿಲ್ವಾ?"

ಚಿತ್ತಮ್ಮ ಸೆರಗಿನ ತುದಿ ಸುತ್ತುತ್ತಾ ಕುಂತಿದ್ದಳು. "ಗೊತ್ತಾಗ್ತಿತ್ತು ಕಣವ್ವ. ಒಗರೊಗರಾಗಿ ನಾಲಿಗೆ ಹಿಡೀತಿತ್ತು. ನಾನು ಕುಡಿದು ಮುಗಿಸೋ ತಂಕ ನೀನು ಬಾಗಿಲಲ್ಲೇ ನಿಂತಿರ್ತಿದ್ದೆ. ನಿನ್ ಮುಖ ನೋಡ್ಕಂಡು ಹೆಂಗೆ ಬ್ಯಾಡ ಅನ್ಲಿ?"

ಕೆಂಚಕ್ಕ ಮಗಳ ಪಕ್ಕ ಕುಂತು, ಅವಳ ಸಣ್ಣಗಾದ ಮುಂಗೈಯನ್ನು ತನ್ನ ಒರಟು ಅಂಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ಎದ್ದು, "ಗಾಡಿ ಕಟ್ಟಪ್ಪ, ನರ್ಸಮ್ಮನ ತಾವ ಹೋಗಾಣ," ಅಂದಳು.

ಮತ್ತೋಡಿನ ನರ್ಸು ಏಕಾಂತಮ್ಮ ಚಿತ್ತಮ್ಮನ ಹೊಟ್ಟೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆ ಹೊತ್ತಿನಲ್ಲಿ ಕೆಂಚಕ್ಕ ಎಲ್ಲ ದೇವರಿಗೂ ಹರಕೆ ಹೊತ್ತು ಮುಗಿಸಿದ್ದಳು.

"ಕೂಸಿನ ಎದೆ ಚೆನ್ನಾಗಿ ಬಡ್ಕಂತೈತೆ," ಅಂದರು ಏಕಾಂತಮ್ಮ. "ಬೇಗ ಬಂದ್ರಿ, ಒಳ್ಳೇದಾತು. ಆ ಮಜ್ಜಿಗೆ ಬಿಡ್ರಿ. ಗಂಜಿ ಕೊಡ್ರಿ, ನೀರು ಚೆನ್ನಾಗಿ ಕುಡಿಸ್ರಿ. ಮೂರು ದಿನ ಬಿಟ್ಟು ಮತ್ತೆ ಕರ್ಕಂಡು ಬರ್ರಿ. ವಾಂತಿ ಜಾಸ್ತಿ ಆದ್ರೆ ಅವತ್ತೇ ಬರ್ರಿ. ಮೆಣಸಿನಕಾಯಿ ಸುಟ್ಕಂತ ಕೂರಬ್ಯಾಡ್ರಿ."

ನಾಲ್ಕನೇ ದಿನಕ್ಕೆ ಚಿತ್ತಮ್ಮ ತಾನಾಗಿಯೇ ಮುದ್ದೆ ಕೇಳಿದಳು.

ಮುಂದಿನ ವಾರ ಕಲಾಯಿ ಸಾಬರು ಹಟ್ಟಿಗೆ ಬಂದರು. ತಪ್ಪಲೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರವೆಂಬ ಉಪ್ಪಿನ ಪುಡಿ ಎರಚಿ, ಬಿಳಿ ಲೋಹದ ಕಡ್ಡಿ ತಾಗಿಸಿ, ಹತ್ತಿಯಿಂದ ಒಳಗೆಲ್ಲ ಸವರಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬೆಳ್ಳಿ ಬೆಳಕು ಹರಡಿತು. ಕೆಂಚಕ್ಕ ಬಗ್ಗಿ ನೋಡಿದಳು. ತನ್ನ ಮುಖವೇ ಕಂಡಿತು.

"ಸಾಬರೇ, ಇದನ್ನ ಯಾರಾದ್ರೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ರೆ?"

"ಅಂಥ ದಡ್ಡರು ಯಾರಿರ್ತಾರಮ್ಮ?"

"ಇರ್ತಾರೆ," ಅಂದಳು ಕೆಂಚಕ್ಕ ಗಂಭೀರವಾಗಿ. "ನಮ್ ಹಟ್ಟಿನಾಗೇ ಒಬ್ಬಳು ಇದ್ಲು."

ಅಷ್ಟಾದರೂ ಮಜ್ಜಿಗೆಯನ್ನು ಅವಳು ಮಣ್ಣಿನ ಗಡಿಗೆಗೇ ಬದಲಾಯಿಸಿದಳು. ಎರಡು ತಿಂಗಳಿಗೆ ಚಿತ್ತಮ್ಮ ಹೆಣ್ಣುಕೂಸು ಹೆತ್ತಳು. ಅದರ ಅಳು ಹೊಸದುರ್ಗದ ತನಕ ಕೇಳಿಸಿತು. ಈಗ ಕೆಂಚಕ್ಕ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ನುಗ್ಗಿ ಪಾತ್ರೆಯೊಳಗೆ ಇಣುಕುತ್ತಾಳೆ.

ತಾಯಂದಿರೇ, ಅವಳು ನಿಮ್ಮ ಮನೆಗೆ ಬರುವ ಮೊದಲೇ ನೀವೇ ಎದ್ದು ನೋಡಿಕೊಳ್ಳಿ. ತಾಮ್ರ, ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿ ಸವೆದಿದ್ದರೆ ಹುಳಿ ಪದಾರ್ಥ ಇಡಬೇಡಿ, ಮೊದಲು ಕಲಾಯಿ ಹಾಕಿಸಿ. ಹಸಿರು ಕಂಡರೆ ಅದರಲ್ಲಿದ್ದದ್ದನ್ನು ಚೆಲ್ಲಿ, ಮರುಗಬೇಡಿ. ಕುಡಿದವರಿಗೆ ವಾಂತಿಯಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಮೇಲೆ ಲೋಟ ಕೊಟ್ಟು ಬಾಗಿಲಲ್ಲಿ ನಿಲ್ಲುವಾಗ, ರುಚಿ ಹೆಂಗಿದೆ ಎಂದು ಒಂದು ಮಾತು ಕೇಳಿ. ನಿಮ್ಮ ಮುಖ ನೋಡಿ ಬೇಡ ಅನ್ನಲಾರದ ಮಗಳು ನಿಮ್ಮ ಮನೆಯಲ್ಲೂ ಇರಬಹುದು.