ಹಲಗೆ ಕಳಚಿದ ಕಿಟಕಿ

“ಕೇಳಿಸ್ಕೊಳ್ರೋ ಎಲ್ಲಾರೂ! ಈ ವರ್ಲಿನ್ ಇದಾನಲ್ಲ, ನಾಲ್ಕು ಗೋಡೆ ಒಳಗೆ ಭಾರೀ ಪ್ರೇಮಿ. ಬೀದಿಗೆ ಬಂದ್ರೆ ನಾನ್ಯಾರೋ, ಅವನ್ಯಾರೋ! ನಿನ್ನೆ ಸಂತೇಲಿ ಹೆಸರು ಹಿಡಿದು ಕರೆದೆ, ಪಕ್ಕದಲ್ಲಿ ನಮ್ಮಕ್ಕ ಬೇರೆ ನಿಂತಿದ್ಳು. ಈ ಮಹಾಶಯ ಎಲೆಕೋಸು ನೋಡ್ಕೊಂಡು ಹೋಗ್ಬಿಟ್ಟ. ಹೇಡಿ! ಅಪ್ಪಟ ಹೇಡಿ!”

ಡ್ವೈಟನ ಮಾತು ಹೆರಾನ್ ಎಂಬ ಆ ಬಾರಿನ ಮೂಲೆಮೂಲೆಗೂ ಮುಟ್ಟಿತು. ಭಾನುವಾರದ ಕೂಡೂಟಕ್ಕೆಂದು ಮನೆಮನೆಯಿಂದ ಪಾತ್ರೆ ಹೊತ್ತು ಬಂದಿದ್ದವರು ಎತ್ತಿದ ಸೌಟನ್ನು ಇಳಿಸದೆ ನಿಂತರು. ಜೀವಮಾನವೆಲ್ಲ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಬೆಸುಗೆಯ ಕಿಡಿಗಳೆದುರು ಕಣ್ಣು ಕಿರಿದುಮಾಡಿ ದುಡಿದು ನಿವೃತ್ತನಾದ ವರ್ಲಿನ್, ತನ್ನ ಬೂಟಿನ ತುದಿಯನ್ನೇ ನೋಡುತ್ತ ಕುಳಿತ.

ಹೊರಗೆ, ಸಹೃದಯರೇ, ಶರದೃತುವಿನ ವೈಭವ! ಇಲಿನಾಯ್ ನದಿಯ ಮಂದಗಮನದ ಮೇಲೆ ಮಧ್ಯಾಹ್ನದ ಬಿಸಿಲು ಹೊನ್ನಿನ ಹುಡಿಯಂತೆ ತೇಲುತ್ತಿತ್ತು. ಪಿಯೋರಿಯಾ ಪಟ್ಟಣದ ಮೇಪಲ್ ಮರಗಳು ಇಡೀ ಬೇಸಿಗೆ ಬಚ್ಚಿಟ್ಟುಕೊಂಡಿದ್ದ ಅನುರಾಗವನ್ನು ಒಮ್ಮೆಲೇ ಒಪ್ಪಿಕೊಂಡವರಂತೆ ಕೆಂಪೇರಿದ್ದವು. ಕೊಯ್ಲಾದ ಮೆಕ್ಕೆಜೋಳದ ಹೊಲಗಳ ಒಣಗಂಧವನ್ನು ಹೊತ್ತ ಗಾಳಿ ಸೇತುವೆ ದಾಟಿ ಊರೊಳಗೆ ಬರುತ್ತಿತ್ತು... ಆದರೆ ಆ ಬೆಳಕಿನ ಒಂದೆಳೆಗೂ ಹೆರಾನಿನೊಳಗೆ ಪ್ರವೇಶವಿರಲಿಲ್ಲ. ಒಳಗಿನವರ ಮುಖ ಬೀದಿಗೆ ಕಾಣಬಾರದೆಂದು ಎಂದೋ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಬರುವವರು ಹಿಂದಿನ ಓಣಿಯಿಂದಲೇ ಬರುತ್ತಿದ್ದರು. ಕಳ್ಳರಲ್ಲ, ಕೊಲೆಗಾರರಲ್ಲ, ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಪ್ರೀತಿಸಿದವರು, ಅಷ್ಟೇ! ಇವತ್ತು ಆ ಹಲಗೆಗಳನ್ನು ಕೀಳುವ ದಿನ. ಬಾರಿನ ಒಡತಿ, ಎಪ್ಪತ್ತು ದಾಟಿದ ಲೊರೇನ್, ಮೊಳೆ ಕೀಳುವ ಕಬ್ಬಿಣ ಹಿಡಿದು ಕುರ್ಚಿಯ ಮೇಲೆ ನಿಂತಿದ್ದಳು.

“ಏಯ್ ಡ್ವೈಟ್, ನಾಲಿಗೆ ಬಿಗಿ ಹಿಡಿ,” ಎಂದಳು ಅಲ್ಲಿಂದಲೇ. “ನೀನು ಮೂರೇ ವರ್ಷದ ಹಿಂದೆ ಶಿಕಾಗೋದಿಂದ ಬಂದೋನು. ನಮ್ಮ ಕಾಲದಲ್ಲಿ ಹೊರಗೆ ಕಂಡ್ರೂ ಗುರುತು ಹಿಡೀದೆ ಹೋಗೋದೇ ಒಬ್ಬರಿಗೊಬ್ರು ಕೊಡೋ ಮರ್ಯಾದೆ. ಒಂದು ನಮಸ್ಕಾರಕ್ಕೆ ಒಬ್ಬನ ಕೆಲಸ ಹೋಗ್ತಿತ್ತು, ಇನ್ನೊಬ್ಬಳ ಮಕ್ಕಳನ್ನ ಕೋರ್ಟು ಕಿತ್ಕೊಳ್ತಿತ್ತು. ನನ್ನವಳನ್ನೇ ನಾನು ಬ್ಯಾಂಕಲ್ಲಿ ಯಾರೋ ಅನ್ನೋ ಹಾಗೆ ದಾಟಿ ಹೋಗಿದೀನಿ ಕಣೋ.”

“ಆ ಕಾಲ ಸತ್ತು ಹೋಯ್ತಲ್ಲ, ಲೊರೇನ್!” ಡ್ವೈಟನ ದನಿ ಒಡೆಯಿತು. “ನಂಗೆ ಮರ್ಯಾದೆ ಬೇಡ, ಅವನು ಬೇಕು. ಬೀದೀಲಿ ನನ್ನ ಹೆಸರು ಬಾಯಲ್ಲಿ ಬರದಿದ್ರೆ, ನಾನು ಇನ್ನು ಇವನ ಮುಖ ನೋಡಲ್ಲ.”

ಮರ್ಯಾದೆಯೋ, ಭಯವೋ? ವರ್ಲಿನ್ ತನ್ನೆದೆಯನ್ನೇ ಕೇಳಿಕೊಂಡ. ಸಂತೆಯಲ್ಲಿ ಕಾರ್ಖಾನೆಯ ಹಳೆಯ ಮೇಸ್ತ್ರಿ ನಾರ್ಬರ್ಟ್ ಕುಂಬಳಕಾಯಿ ಆರಿಸುತ್ತಿದ್ದುದನ್ನು ಅವನು ಕಂಡಿದ್ದ... ತನ್ನವನನ್ನು ಕಾಪಾಡುವ ಅಭ್ಯಾಸವೇ ತನ್ನವನನ್ನು ಇರಿಯುವ ಕತ್ತಿಯಾದದ್ದು ಎಂದಿನಿಂದ?

ಅಷ್ಟರಲ್ಲಿ ಹಲಗೆ ಕಿರ್ರೆಂದು ಕಳಚಿ ನೆಲಕ್ಕುರುಳಿತು.

ಆಹಾ! ಬೆಳಕು... ಅದು ಒಳಬಂದ ಪರಿಯನ್ನು ಯಾವ ಮಾತಿನಲ್ಲಿ ಹೇಳಲಿ? ಬತ್ತಿದ ತೊರೆಯ ಪಾತ್ರಕ್ಕೆ ಮೊದಲ ನೆರೆ ನುಗ್ಗುವಂತೆ, ದೀರ್ಘನಿದ್ರೆಯ ರೆಪ್ಪೆಗಳ ಮೇಲೆ ಯಾರೋ ಅಂಗೈ ಇಟ್ಟಂತೆ, ಅದು ಕುಣಿದು ಕುಣಿದು ಸವೆದ ನೆಲವನ್ನು ತುಂಬಿತು. ಧೂಳಿನ ಕಣಕಣವೂ ತಾರೆಯಾಯಿತು. ಮಂದದೀಪದಲ್ಲಷ್ಟೇ ಒಬ್ಬರನ್ನೊಬ್ಬರು ಅರಿತಿದ್ದ ಆ ಜನ ಮೊದಲ ಬಾರಿಗೆ ಒಬ್ಬರ ನೆರೆಗೂದಲನ್ನೊಬ್ಬರು, ತುಟಿಯಂಚಿನ ಸುಕ್ಕನ್ನು, ಅತ್ತ ಗುರುತನ್ನು ಕಂಡರು. “ಅಯ್ಯಯ್ಯೋ, ನಮಗೆ ಇಷ್ಟು ವಯಸ್ಸಾಯ್ತೇನ್ರೋ!” ಎಂದು ಲೊರೇನ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಡ್ವೈಟ್ ನಗಲಿಲ್ಲ. ಕೋಟು ಎತ್ತಿಕೊಂಡು ಹೊರನಡೆದ. ತೆರೆದ ಕಿಟಕಿಯಾಚೆ ಅವನು ಬೀದಿಯಂಚಿನಲ್ಲಿ ದೂರವಾಗುತ್ತಿರುವುದು ಎಲ್ಲರಿಗೂ ಕಾಣಿಸಿತು. ವರ್ಲಿನ್ ಎದ್ದ. ಓಡಿದ.

“ಡ್ವೈಟ್!” ಬೀದಿಯ ಉದ್ದಕ್ಕೂ ಆ ಹೆಸರು ಮೊಳಗಿತು. “ಡ್ವೈಟ್, ನಿಂತ್ಕೊಳ್ಳೋ!”

ಅವನು ತಿರುಗಿದ. ವರ್ಲಿನ್ ಏದುಸಿರು ಬಿಡುತ್ತ ಅವನ ಕೈ ಹಿಡಿದು, ಆ ಮುಖವನ್ನೇ ನೋಡಿದ. ಪರದೆ ಎಳೆದ ಕೋಣೆಗಳಲ್ಲಿ ಮುದ್ದಿಸಿದ ಮುಖ. ಬೀದಿಯ ಬೆಳಕಿನಲ್ಲಿ ದಿಟ್ಟಿಸಲು ಎಂದೂ ಧೈರ್ಯವಾಗದ ಮುಖ!

“ನಿನ್ನ ಕಣ್ಣು... ಹಸಿರು ಕಣೋ!”

“ಮೂರು ವರ್ಷಕ್ಕೆ ಗೊತ್ತಾಯ್ತಾ ಮಹಾರಾಯಂಗೆ?” ಎಂದ ಡ್ವೈಟ್. ಕೈ ಬಿಡಿಸಿಕೊಳ್ಳಲಿಲ್ಲ.

ಎದುರಿನ ಚರ್ಚಿನಿಂದ ಜನ ಹೊರಬರುತ್ತಿದ್ದರು. ಮೆಟ್ಟಿಲ ಮೇಲೆ ನಿಂತಿದ್ದವನು ನಾರ್ಬರ್ಟ್.

“ಓಹೋ, ಏನಯ್ಯಾ ವರ್ಲಿನ್!” ಎಂದು ಅವನು ನಾಲ್ಕು ಜನಕ್ಕೆ ಕೇಳುವಂತೆ ಕೂಗಿದ. “ನನ್ನ ಪಕ್ಕದಲ್ಲೇ ಕೂತು ಬುತ್ತಿ ತಿಂತಿದ್ಯಲ್ಲೋ! ನೀನು ಇಂಥವನು ಅಂತ ಗೊತ್ತಿದ್ರೆ ಬೇರೆ ಬೆಂಚ್ ನೋಡ್ಕೋತಿದ್ದೆ!”

ಯಾರೋ ಕಿಸಕ್ಕನೆ ನಕ್ಕರು. ಈ ಒಂದು ಗಳಿಗೆಗಾಗಿ ವರ್ಲಿನ್ ಎಷ್ಟು ಉತ್ತರಗಳನ್ನು ಒಳಗೊಳಗೇ ಕಾಯಿಸಿ ಬಡಿದು ಹರಿತ ಮಾಡಿಟ್ಟಿದ್ದ! ಈಗ ನೋಡಿದರೆ ಒಂದೂ ಬೇಕೆನ್ನಿಸಲಿಲ್ಲ. ಅಂಗೈಯಲ್ಲಿ ಇನ್ನೊಂದು ಅಂಗೈಯ ಬಿಸುಪಿತ್ತು, ಮೇಲೆ ಮುಗಿಲಿನ ಅಪಾರ ನೀಲಿ. ಮನುಷ್ಯನ ಎದೆ ಎಂಥ ವಿಸ್ಮಯ, ಸಹೃದಯರೇ! ಜನ್ಮವಿಡೀ ಭಯಕ್ಕೆ ಬಾಡಿಗೆ ಕೊಟ್ಟ ಮನೆಯಲ್ಲಿಯೂ ಅದು ಪ್ರೀತಿಗೆಂದು ಒಂದು ಕೋಣೆಯನ್ನು ಗುಡಿಸಿ ಇಟ್ಟಿರುತ್ತದೆ... ವರ್ಲಿನ್ ಮೆಟ್ಟಿಲ ಕಡೆಗೊಮ್ಮೆ ನೋಡಿದ. ದ್ವೇಷವಿಲ್ಲದೆ, ಆತುರವಿಲ್ಲದೆ ನೋಡಿದ. ಹಿಡಿದ ಕೈ ಬಿಡದೆ, ಡ್ವೈಟನೊಂದಿಗೆ ನದಿಯ ಕಡೆಗೆ ನಡೆದುಹೋದ.